ಮೇಣದ ಬ್ಲಾಕಿನಿಂದ ಮೈಕ್ರೋಆರ್‌ಎನ್‌ಎ: ಬಳ್ಳಾರಿಯ ಪ್ರಯೋಗಾಲಯದಲ್ಲಿ ನನ್ನ ಅನುಭವ

ರೋಗಶಾಸ್ತ್ರಜ್ಞನಾಗಿ ನಾನು ಬಳ್ಳಾರಿಯಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳಿನ ಗಡ್ಡೆಯ ಆರ್‌ಎನ್‌ಎ ಅಳೆಯಲು ತೊಡಗಿದಾಗ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ಅಂಗಾಂಶ ನನ್ನ ಬಳಿ ಇರಲಿಲ್ಲ. ಇದ್ದದ್ದು ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣದಲ್ಲಿ ನೆನೆದು ಮೇಣದಲ್ಲಿ ಕುಳಿತ ಹಳೆಯ ಬಯಾಪ್ಸಿ ಬ್ಲಾಕ್‌ಗಳು. ಅಂಥ ಬ್ಲಾಕಿನಲ್ಲಿ ಉದ್ದನೆಯ ಆರ್‌ಎನ್‌ಎ ತುಂಡಾಗಿರುತ್ತದೆ. ಆದ್ದರಿಂದ ಹಾಟೇರ್‌ನಂತಹ, ಪ್ರೋಟೀನ್ ತಯಾರಿಸದ ಉದ್ದನೆಯ (ದೀರ್ಘ ನಾನ್‌ಕೋಡಿಂಗ್) ಆರ್‌ಎನ್‌ಎಗಳ ಗೋಜಿಗೆ ಹೋಗದೆ, ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟೇ) ಉದ್ದವಿರುವ ಕಾರಣ ಹಳೆಯ ಬ್ಲಾಕಿನಲ್ಲೂ ಉಳಿದುಕೊಳ್ಳುವ ಮೈಕ್ರೋಆರ್‌ಎನ್‌ಎಯನ್ನು, ಅದರಲ್ಲೂ ಮಿಆರ್-21 ಅನ್ನು ಆರಿಸಿಕೊಂಡೆ. ತಾನು ಯಾವ ಪ್ರೋಟೀನನ್ನೂ ತಯಾರಿಸದ ಈ ತುಣುಕು ಪಿಡಿಸಿಡಿ4 ಮುಂತಾದ ಗಡ್ಡೆ ತಡೆಯುವ ವಂಶವಾಹಿಗಳ ಸಂದೇಶವನ್ನು ಅದುಮುತ್ತದೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಅದು ಹೆಚ್ಚಿರುವುದೂ, ಜೀವಕೋಶಗಳು ಸಾಯದಂತೆ ಕಾಯುವುದೂ 2005ರಲ್ಲೇ ವರದಿಯಾಗಿತ್ತು.

ಕೆಲಸ ಕೆಡುವುದು ಯಂತ್ರದಲ್ಲಲ್ಲ, ಅದಕ್ಕೂ ಬಹಳ ಮುಂಚೆ. ಬಫರ್ (ಆಮ್ಲತೆ ಏರದಂತೆ ತಡೆಯುವ ಲವಣಗಳು) ಇಲ್ಲದ ಫಾರ್ಮಾಲಿನ್ ಕ್ರಮೇಣ ಆಮ್ಲೀಯವಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಡಬ್ಬಿ ಹೊರಗೆ ಉಳಿದರೆ ಆರ್‌ಎನ್‌ಎಗೆ ಹಾನಿ ಇನ್ನಷ್ಟು ಬೇಗ. ಹಾಗಾಗಿ ಶೇ. 10ರ ತಟಸ್ಥ ಬಫರ್ ಫಾರ್ಮಾಲಿನ್‌ನಲ್ಲಿ ಬಂದ ಮಾದರಿಗಳನ್ನಷ್ಟೇ ತೆಗೆದುಕೊಂಡೆ. ಮೊದಲು ಬಣ್ಣ ಹಾಕಿದ ಸ್ಲೈಡಿನಲ್ಲಿ ಸತ್ತ ಅಂಗಾಂಶದ ಭಾಗವನ್ನು ಬಿಟ್ಟು ಜೀವಂತ ಗಡ್ಡೆಯನ್ನು ಗುರುತಿಸಿ, ಅದೇ ಜಾಗದ 10 ಮೈಕ್ರಾನ್ ಪದರಗಳನ್ನು ಕೆರೆದು, ಝೈಲೀನ್‌ನಿಂದ ಮೇಣವನ್ನು ಕರಗಿಸಿ, ಪ್ರೋಟೀನೇಸ್-ಕೆ ಕಿಣ್ವದಲ್ಲಿ ಅಂಗಾಂಶವನ್ನು ಜೀರ್ಣಿಸಿದೆ. ಆರ್‌ಎನ್‌ಎಯನ್ನು ಸೋಸುವ ಸಣ್ಣ ಕೊಳವೆಯ (ಕಾಲಂ) ಸಾಮಾನ್ಯ ವಿಧಾನದಲ್ಲಿ ಸಣ್ಣ ಆರ್‌ಎನ್‌ಎ ತೊಳೆದುಹೋಗುತ್ತದೆ. ಎಥನಾಲ್ ಪ್ರಮಾಣವನ್ನು ಹೆಚ್ಚಿಸಿದರೆ ಮಾತ್ರ ಅದು ಕಾಲಂಗೆ ಅಂಟುತ್ತದೆ. ಬೆವರಿನಲ್ಲೂ ಆರ್‌ಎನ್‌ಎ ಕಡಿಯುವ ಕಿಣ್ವವಿರುವುದರಿಂದ, ಬೇಸಿಗೆಯಲ್ಲಿ ಗ್ಲೌಸ್‌ಗೆ ಜಿಪುಣತನ ಸಲ್ಲದು. ಬಳಿಕ ಕುಣಿಕೆಯಾಕಾರದ ಪ್ರೈಮರ್‌ನಿಂದ (ನಕಲು ಆರಂಭಿಸುವ ತುಣುಕಿನಿಂದ) ಡಿಎನ್‌ಎ ಪ್ರತಿ ಮಾಡಿ, ಆರ್‌ಎನ್‌ಯು48 ಎಂಬ ಇನ್ನೊಂದು ಸಣ್ಣ ಆರ್‌ಎನ್‌ಎಯನ್ನು ಹೋಲಿಕೆಗೆ ಇಟ್ಟುಕೊಂಡು, ಪ್ರತಿಗಳನ್ನು ಮತ್ತೆ ಮತ್ತೆ ಹೆಚ್ಚಿಸಿ ಅಳೆಯುವ ಪಿಸಿಆರ್ ನಡೆಸಿದೆ; ಅಲ್ಲಿ ಒಂದು ಸುತ್ತಿನ ವ್ಯತ್ಯಾಸವೆಂದರೆ ಪ್ರಮಾಣದಲ್ಲಿ ಸುಮಾರು ಎರಡು ಪಟ್ಟು.

ಅಂಕಿ ಹೆಚ್ಚು ಬಂದ ಮಾತ್ರಕ್ಕೆ ರೋಗನಿರ್ಣಯವಾಗುವುದಿಲ್ಲ. ಶ್ವಾಸಕೋಶ, ಸ್ತನಗಳ ಕ್ಯಾನ್ಸರ್‌ಗಳಲ್ಲೂ ಮಿಆರ್-21 ಏರುತ್ತದೆ, ಅವು ಮಿದುಳಿಗೂ ಹರಡುತ್ತವೆ.

"ಸಾರ್, ಇದಕ್ಕ ಔಷಧ ಐತೇನ್ರೀ?" ಎಂದು ರೋಗಿಯ ಮಗನೊಬ್ಬ ಕೇಳಿದ್ದ. ಇಂಥ ಆರ್‌ಎನ್‌ಎಯನ್ನು ತಡೆಯುವ ಕೃತಕ ಎಳೆಗಳು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ಬೇರೆ ಕ್ಯಾನ್ಸರ್‌ಗಳಿಗಾಗಿ ಪರೀಕ್ಷಿಸಿದ ಮಿಆರ್-34ಎ ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎಯ ಕೃತಕ ಅನುಕರಣೆಯ ಪ್ರಯೋಗವೂ ತೀವ್ರ ಪ್ರತಿರಕ್ಷಾ ಪ್ರತಿಕ್ರಿಯೆಗಳಿಂದಾಗಿ 2016ರಲ್ಲಿ ನಿಂತುಹೋಯಿತು ಎಂದು ಅವನಿಗೆ ಸರಳವಾಗಿ ವಿವರಿಸಿದೆ. ಅವನ ತಂದೆಗೆ ಸಿಕ್ಕಿದ್ದು ವಿಕಿರಣ ಮತ್ತು ಟೆಮೊಝೋಲೊಮೈಡ್ ಎಂಬ ಕ್ಯಾನ್ಸರ್ ಔಷಧ. 2005ರ ಅಧ್ಯಯನದಲ್ಲಿ ಈ ಜೋಡಿಯು ಮಧ್ಯಕ ಬದುಕುಳಿಯುವಿಕೆಯನ್ನು (ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿಯನ್ನು) ವಿಕಿರಣವೊಂದೇ ಕೊಟ್ಟಾಗಿನ 12.1 ತಿಂಗಳಿಂದ 14.6ಕ್ಕೆ ಏರಿಸಿತ್ತು. ಚಿಕಿತ್ಸೆಯನ್ನು ನಿರ್ಧರಿಸುವ ವರದಿಯಲ್ಲಿ ಐಡಿಎಚ್ ವಂಶವಾಹಿಯಲ್ಲಿ ಬದಲಾವಣೆ ಇದೆಯೇ ಇಲ್ಲವೇ ಎಂಬುದನ್ನು ಬರೆಯುತ್ತೇನೆ. ಮಿಆರ್-21ರ ಅಂಕಿಯನ್ನು ಸದ್ಯಕ್ಕೆ ಸಂಶೋಧನೆಯ ಕಡತದಲ್ಲಷ್ಟೇ ಇಡುತ್ತಿದ್ದೇನೆ.