ಬ್ರಿಟನ್ನಿನಲ್ಲಿ ಡಿಗ್ಗರ್ ಬಾಡಿಗೆಗೆ ಹಿಡಿಯುವ ಮುನ್ನ: ಕೊಡಗಿನವರಿಗೆ ವಿಮೆಯ ಲೆಕ್ಕ

ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ತೋಟದ ಕೆರೆ ಹೂಳೆತ್ತಲು ಹಿಟಾಚಿ ಕರೆಸಿದರೆ ಗಂಟೆಗೆ ಇಷ್ಟು ಎಂದು ಮಾತಾಗುತ್ತದೆ, ಆಪರೇಟರ್ ಮೆಷಿನ್ ಜೊತೆಗೇ ಬರುತ್ತಾನೆ. ಬರೆ ಕುಸಿದು ಮೆಷಿನ್ ಮಗುಚಿದರೆ ನಷ್ಟ ಸಾಮಾನ್ಯವಾಗಿ ಮಾಲೀಕನದೇ. ತೋಟದವರು ಹೆಚ್ಚೆಂದರೆ ಎತ್ತಲು ಇನ್ನೊಂದು ಮೆಷಿನ್ ಹುಡುಕಿಕೊಟ್ಟಾರು. ಬ್ರಿಟನ್ನಿನಲ್ಲಿ ಗಾರ್ಡನ್, ಡ್ರೈವ್‌ವೇ, ಪಾಯದ ಕೆಲಸ ಹಿಡಿಯುವ ನಮ್ಮವರು ಇದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮೆಷಿನ್ ಬಾಡಿಗೆಗೆ ಪಡೆಯುತ್ತಾರೆ. ಅಲ್ಲಿ ಲೆಕ್ಕ ತಿರುಗುಮುರುಗು: ಬಾಡಿಗೆಗೆ ಪಡೆದವನೇ ಹೊಣೆ.

ಅದಕ್ಕೆ ಕಾರಣ ಡೆಲಿವರಿ ನೋಟಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಷರತ್ತುಗಳು. ದೊಡ್ಡ ಮೆಷಿನ್ ಕೊಡುವ ಕಂಪನಿಗಳಲ್ಲಿ ಬಹುಪಾಲು ಸಿಪಿಎ ಮಾದರಿ ಷರತ್ತುಗಳನ್ನೇ ಬಳಸುತ್ತವೆ. ಸಿಪಿಎ ಎಂದರೆ ಕನ್‌ಸ್ಟ್ರಕ್ಷನ್ ಪ್ಲಾಂಟ್-ಹೈರ್ ಅಸೋಸಿಯೇಷನ್; ಪ್ಲಾಂಟ್ ಎಂದರೆ ಇಲ್ಲಿ ಕೆಲಸದ ಯಂತ್ರ. ಇದರಲ್ಲಿ 8 ಮತ್ತು 13ನೇ ಕಲಮುಗಳನ್ನು ಓದದೆ ಸಹಿ ಹಾಕಬೇಡಿ. 8ರ ಪ್ರಕಾರ, ಕಂಪನಿಯೇ ಆಪರೇಟರನ್ನು ಕಳಿಸಿದರೂ ಕೆಲಸದ ಹೊತ್ತಿನಲ್ಲಿ ಅವನು ನಿಮ್ಮ ನಿರ್ದೇಶನದಡಿ ಇರುತ್ತಾನೆ. ಅವನು ಬಕೆಟ್ ಬೀಸಿ ಪಕ್ಕದ ಮನೆ ಗೋಡೆ ಬೀಳಿಸಿದರೆ ಕ್ಲೇಮು ನಿಮ್ಮ ಹೆಸರಿಗೆ. 13ರ ಪ್ರಕಾರ, ಮೆಷಿನ್ ನಿಮ್ಮ ಸೈಟಿನಲ್ಲಿರುವಾಗ ಸುಟ್ಟರೂ ಕಳುವಾದರೂ ಮಗುಚಿದರೂ, ಸಹಜ ಸವೆತ ಬಿಟ್ಟು ಉಳಿದದ್ದನ್ನೆಲ್ಲ ಹೆಚ್ಚುಕಡಿಮೆ ನೀವೇ ತುಂಬಿಕೊಡಬೇಕು. ನಿಮ್ಮ ತಪ್ಪು ಇತ್ತೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಸಾಲದ್ದಕ್ಕೆ, ಪರಿಹಾರ ಇತ್ಯರ್ಥವಾಗುವವರೆಗೆ ಕಡಿಮೆ ದರದಲ್ಲಿ ಬಾಡಿಗೆಯೂ ಓಡುತ್ತಲೇ ಇರುತ್ತದೆ. ಮೆಷಿನ್ ಇಲ್ಲ, ಬಾಡಿಗೆ ಮಾತ್ರ ಇದೆ. ಗದ್ದೆಯಂಥ ಮೆತ್ತನೆ ನೆಲದಲ್ಲಿ ಹೂತುಹೋದರೆ ಎಳೆದು ತೆಗೆಯುವ ಖರ್ಚೂ ನಿಮ್ಮದೇ.

ಊರಿನಲ್ಲಿ ವಿಮೆ ವಾಹನದ ಬೆನ್ನು ಹತ್ತಿರುತ್ತದೆ. ಆರ್‌ಸಿ ಇರುವ ಜೆಸಿಬಿಗೆ ಮೋಟಾರು ಪಾಲಿಸಿ, ನೋಂದಣಿಯಿಲ್ಲದ ಚೈನ್ ಮೆಷಿನ್ನಿಗೆ ಸಿಪಿಎಂ (ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮೆಷಿನರಿ) ಪಾಲಿಸಿ. ಮೋಟಾರು ಪಾಲಿಸಿಯಲ್ಲಿ ಐಎಂಟಿ 47 ಎಂಬ ಸೇರ್ಪಡೆ ಷರತ್ತಿನ ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಕೆಲಸ ಮಾಡುವಾಗ ಮಗುಚಿದ್ದಕ್ಕೆ ಹಣವಿಲ್ಲ. ಮಡಿಕೇರಿ ಸುತ್ತಿನ ಇಳಿಜಾರಿನಲ್ಲಿ ಮೆಷಿನ್ ಓಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬ್ರಿಟನ್ನಿನಲ್ಲಿ ವಿಮೆ ಒಪ್ಪಂದದ ಬೆನ್ನು ಹತ್ತುತ್ತದೆ, ಹಾಗಾಗಿ ಪಾಲಿಸಿಯೂ ತುಂಡು ತುಂಡು. ಸ್ವಂತ ಮೆಷಿನ್ನಿಗೆ ಓನ್ ಪ್ಲಾಂಟ್, ಬಾಡಿಗೆಯದಕ್ಕೆ ಹೈರ್ಡ್-ಇನ್ ಪ್ಲಾಂಟ್, ಮೂರನೆಯವರ ಆಸ್ತಿ ಮತ್ತು ಜೀವಕ್ಕೆ ಪಬ್ಲಿಕ್ ಲಯಬಿಲಿಟಿ, ಕೆಲಸಗಾರರಿಗೆ ಎಂಪ್ಲಾಯರ್ಸ್ ಲಯಬಿಲಿಟಿ. ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಡಿಗ್ಗರ್ ಹಲ್ಲು ನೆಲದಡಿಯ ಕೇಬಲ್ ಕಡಿದರೆ ಪ್ಲಾಂಟ್ ಪಾಲಿಸಿ ಮೆಷಿನ್ನಿನ ಗಾಯ ಮಾತ್ರ ನೋಡುತ್ತದೆ. ಕೇಬಲ್ಲಿನ ಬಿಲ್ಲು ಪಬ್ಲಿಕ್ ಲಯಬಿಲಿಟಿಗೆ ಹೋಗಬೇಕು. ಆ ಪಾಲಿಸಿಯಲ್ಲಿ, ಅಗೆಯುವ ಮುನ್ನ ಕೊಳವೆ-ಕೇಬಲ್ ನಕ್ಷೆ ತರಿಸಿ ಡಿಟೆಕ್ಟರ್ ಹಾಯಿಸಿರಬೇಕು ಎಂಬ ಷರತ್ತು ಹಲವು ಬಾರಿ ಇರುತ್ತದೆ. ನಕ್ಷೆಯ ಪ್ರತಿಯನ್ನು ದಿನಾಂಕದ ಸಮೇತ ಎತ್ತಿಡಿ.

ಹೈರ್ಡ್-ಇನ್ ಪಾಲಿಸಿಯ ಪ್ರೀಮಿಯಂ ಸಾಮಾನ್ಯವಾಗಿ ವರ್ಷಕ್ಕೆ ನೀವು ಕೊಡುವ ಒಟ್ಟು ಬಾಡಿಗೆಯ ಅಂದಾಜಿನ ಮೇಲೆ ನಿಲ್ಲುತ್ತದೆ. ಬ್ರೋಕರನ್ನು ಮೂರು ಪ್ರಶ್ನೆ ಕೇಳಿ. ಸಿಪಿಎ ಷರತ್ತಿನ ಪೂರ್ತಿ ಹೊಣೆಯನ್ನು ಪಾಲಿಸಿ ಹೊರುತ್ತದೆಯೇ? ಓಡುತ್ತಲೇ ಇರುವ ಬಾಡಿಗೆ, ಅಂದರೆ ಕಂಟಿನ್ಯೂಯಿಂಗ್ ಹೈರ್ ಚಾರ್ಜಸ್, ಸೇರಿದೆಯೇ? ಒಂದೇ ಮೆಷಿನ್ನಿಗೆ ಮಿತಿ ಎಷ್ಟು? ಮಿತಿ 25,000 ಪೌಂಡ್ ಇದ್ದು ನೀವು 8 ಟನ್ನಿನ ಹೊಸ ಡಿಗ್ಗರ್ ತರಿಸಿದರೆ ಉಳಿದದ್ದು ಕೈಯಿಂದಲೇ. ಬಾಡಿಗೆ ಕಂಪನಿಯವರು ಕೌಂಟರಿನಲ್ಲಿ ಸೇರಿಸುವ ಡ್ಯಾಮೇಜ್ ವೇವರ್ ವಿಮೆಯಲ್ಲ, ಅದು ಹಾನಿಯ ಹಣವನ್ನು ಬಿಟ್ಟುಕೊಡುವ ಅವರ ರಿಯಾಯಿತಿ. ಕೀಲಿ ಬಿಟ್ಟು ಹೋದಾಗಿನ ಕಳವು, ಅಜಾಗರೂಕತೆ, ಟೈರು ಇವು ಅದರ ಹೊರಗೇ ಇರುವುದು ಹೆಚ್ಚು.

ಸ್ವಂತ ಮೆಷಿನ್ ಕೊಂಡವರು ಮೌಲ್ಯ ಇಳಿಸಿ ಬರೆಸುವ ಆಸೆಗೆ ಬೀಳುತ್ತಾರೆ. 30,000 ಪೌಂಡ್ ಬೆಲೆಯದನ್ನು 20,000ಕ್ಕೆ ಬರೆಸಿದ್ದೀರಿ, ಬೂಮ್ ಮುರಿದು 6,000 ಪೌಂಡ್ ರಿಪೇರಿ ಬಂತು ಎನ್ನಿ. ಪಾಲಿಸಿಯಲ್ಲಿ ಆವರೇಜ್ ಕಲಮಿದ್ದರೆ, ಅಂದರೆ ಬರೆಸಿದ ಮೌಲ್ಯದ ಅನುಪಾತದಲ್ಲೇ ಹಣ ಕೊಡುವ ಷರತ್ತಿದ್ದರೆ, ಸಿಗುವುದು ಮೂರರಲ್ಲಿ ಎರಡು ಪಾಲು, 4,000. ಅದರಲ್ಲಿ ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು, ಬೇರೆ ಕಳೆಯುತ್ತಾರೆ. ಹೈಡ್ರಾಲಿಕ್ ಪಂಪ್ ತಾನಾಗಿ ಕೆಟ್ಟರೆ, ಟ್ರ್ಯಾಕ್ ಸವೆದರೆ ಸಾಮಾನ್ಯ ಪ್ಲಾಂಟ್ ಪಾಲಿಸಿ ಇಲ್ಲೂ ಕೊಡದು, ಅಲ್ಲೂ ಕೊಡದು. ಪ್ರೀಮಿಯಂ ಮೇಲೆ 12% ಇನ್ಶುರೆನ್ಸ್ ಪ್ರೀಮಿಯಂ ಟ್ಯಾಕ್ಸ್ ಇದೆ. ನಮ್ಮ ಜಿಎಸ್‌ಟಿಯಂತೆ ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಪಡೆಯುವ ದಾರಿಯಿಲ್ಲ.

ಕಳವು ಅಲ್ಲಿ ನಿಜವಾದ ಪೀಡೆ. ಒಂದೇ ಬ್ರ್ಯಾಂಡಿನ ಅನೇಕ ಮೆಷಿನ್ನುಗಳಿಗೆ ಒಂದೇ ಕೀಲಿ ಹತ್ತುವುದರಿಂದ ಕೀಲಿ ಜೇಬಿನಲ್ಲಿದೆ ಎಂಬುದು ಸಮಾಧಾನದ ಮಾತಲ್ಲ. 2007ರಿಂದ ಇರುವ ಸೀಸರ್ ಯೋಜನೆಯಲ್ಲಿ ಮೆಷಿನ್ನಿಗೆ ತ್ರಿಕೋನ ಫಲಕದ ನೋಂದಣಿ ಸಂಖ್ಯೆ ಹಾಕಿ, ಒಳಗೆ ಕಾಣದ ಗುರುತುಗಳನ್ನೂ ಅಡಗಿಸುತ್ತಾರೆ. ಕೆಲವು ಪಾಲಿಸಿಗಳು ಸೀಸರ್, ಇಮೊಬಿಲೈಸರ್ ಅಥವಾ ಟ್ರ್ಯಾಕರನ್ನು ಷರತ್ತಾಗಿಯೇ ಬರೆಯುತ್ತವೆ. ಟ್ರ್ಯಾಕರಿನ ಚಂದಾ ಮುಗಿದಿದ್ದರೆ ಕ್ಲೇಮಿಗೆ ತೊಡಕು.

ಟ್ರೇಲರಿನ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2021ರ ಡಿಸೆಂಬರಿನಿಂದ ಗ್ರೇಟ್ ಬ್ರಿಟನ್ನಿನಲ್ಲಿ ಕಾರು ಲೈಸೆನ್ಸಿನಲ್ಲೇ 3,500 ಕಿಲೋ ಮಿತಿಯ ಟ್ರೇಲರ್ ಎಳೆಯಬಹುದು. ಖಾಲಿ ಟ್ರೇಲರೇ 700 ಕಿಲೋ ಆಸುಪಾಸು ತೂಗಿದರೆ 2.7 ಟನ್ನಿನ ಡಿಗ್ಗರಿಗೆ ಉಳಿಯುವ ಜಾಗ 100 ಕಿಲೋ. ಎರಡು ಹೆಚ್ಚುವರಿ ಬಕೆಟ್ ಹಾಕಿದರೆ ಮಿತಿ ದಾಟಿತು, ಅಪಘಾತವಾದರೆ ವಿಮೆಯವರಿಗೆ ಒಂದು ಪಟ್ಟು ಸಿಕ್ಕಿತು. ವ್ಯಾನಿನ ಪಾಲಿಸಿ ಟ್ರೇಲರಿನ ಮೇಲಿರುವ ಮೆಷಿನ್ನನ್ನು ಕಾಯುವುದಿಲ್ಲ, ಸಾಗಣೆಯ ರಕ್ಷಣೆ ಪ್ಲಾಂಟ್ ಪಾಲಿಸಿಯಲ್ಲಿ ಇರಬೇಕು. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಪರೀಕ್ಷೆ ಪಾಸು ಮಾಡಿ ಅಲ್ಲಿಯದನ್ನೇ ಪಡೆಯಬೇಕು.

ಕೆಲಸಕ್ಕೆ ನೆಂಟರನ್ನು ಕರೆಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಎಂಪ್ಲಾಯರ್ಸ್ ಲಯಬಿಲಿಟಿ ವಿಮೆ 1969ರ ಕಾಯಿದೆಯಿಂದ ಕಡ್ಡಾಯ, ಕನಿಷ್ಠ 50 ಲಕ್ಷ ಪೌಂಡ್. ಇಲ್ಲದಿದ್ದರೆ ದಿನಕ್ಕೆ 2,500 ಪೌಂಡ್‌ವರೆಗೆ ದಂಡ. ಕುಟುಂಬದವರಿಗೆ ವಿನಾಯಿತಿ ಇದೆ ನಿಜ, ಆದರೆ ಆ ಕುಟುಂಬ ಚಿಕ್ಕದು: ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು. ಸೋದರಮಾವನ ಮಗ, ಭಾವಮೈದುನ ಅದರಲ್ಲಿ ಬರುವುದಿಲ್ಲ. ನೀವು ಲಿಮಿಟೆಡ್ ಕಂಪನಿ ಮಾಡಿದ್ದರೆ ಕುಟುಂಬದ ವಿನಾಯಿತಿಯೂ ಇಲ್ಲ.

ಡಿಗ್ಗರಿಗೆ ಸರಪಳಿ ಕಟ್ಟಿ ಕಾಂಕ್ರೀಟ್ ಪೈಪ್ ಎತ್ತಿದರೆ ಅದು ಲೋಲರ್ ಎಂಬ 1998ರ ಬ್ರಿಟಿಷ್ ನಿಯಮದಡಿ ಎತ್ತುವ ಕೆಲಸ. ಎತ್ತುವ ಯಂತ್ರಕ್ಕೆ 12 ತಿಂಗಳಿಗೊಮ್ಮೆ, ಸರಪಳಿ-ಶ್ಯಾಕಲ್‌ಗಳಿಗೆ 6 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯ ತಪಾಸಣೆ ಬೇಕು. ವಿಮೆ ಕಟ್ಟಿದ ಮಾತ್ರಕ್ಕೆ ತಪಾಸಣೆ ತಾನಾಗಿ ಆಗುವುದಿಲ್ಲ, ಅದಕ್ಕೆ ಬೇರೆಯೇ ಒಪ್ಪಂದ.

ಅರ್ಜಿ ತುಂಬುವಾಗ ಊರಿನದ್ದು ಇಲ್ಲಿಗೇಕೆ ಎನ್ನಬೇಡಿ. "ಹಿಂದೆ ಎಂದಾದರೂ ಕ್ಲೇಮು ತಿರಸ್ಕೃತವಾಗಿದೆಯೇ" ಎಂದು ಕೇಳಿದ್ದರೆ, 2018ರ ಭೂಕುಸಿತದಲ್ಲಿ ಕೊಡಗಿನಲ್ಲಿ ತಿರಸ್ಕೃತವಾದದ್ದೂ ಬರೆಯಬೇಕಾದದ್ದೇ. ಇನ್ಶುರೆನ್ಸ್ ಆಕ್ಟ್ 2015ರಂತೆ ವ್ಯಾಪಾರಸ್ಥರು ಮುಖ್ಯ ಸಂಗತಿಗಳನ್ನು ತಾವಾಗಿ ತಿಳಿಸಬೇಕು. ಅರಿಯದೆ ಬಿಟ್ಟಿದ್ದರೆ ಪರಿಹಾರ ಕಡಿಮೆಯಾಗಬಹುದು. ಬೇಕೆಂದೇ ಮುಚ್ಚಿಟ್ಟಿದ್ದರೆ ಪಾಲಿಸಿಯೇ ರದ್ದಾಗಬಹುದು, ಕಟ್ಟಿದ ಪ್ರೀಮಿಯಮ್ಮೂ ಬಾರದಿರಬಹುದು.

ಏನಾದರೂ ಆದರೆ ಮೆಷಿನ್ ನಿಲ್ಲಿಸಿ, ಎತ್ತುವ ಮುನ್ನ ನಾಲ್ಕೂ ಕಡೆಯ ಫೋಟೋ, ನೆಲದ ಫೋಟೋ, ಗಂಟೆ ಮೀಟರಿನ ಫೋಟೋ ತೆಗೆಯಿರಿ. ಬಾಡಿಗೆ ಕಂಪನಿಗೂ ವಿಮೆಯವರಿಗೂ ಅಂದೇ ಇಮೇಲ್ ಮಾಡಿ. ಕಳವಾದರೆ 101ಕ್ಕೆ (ಅಲ್ಲಿ ಪೊಲೀಸರ ತುರ್ತಲ್ಲದ ಸಂಖ್ಯೆ) ಕರೆ ಮಾಡಿ ಕ್ರೈಮ್ ರೆಫರೆನ್ಸ್ ನಂಬರ್ ಪಡೆಯಿರಿ. ಸರ್ವೇಯರ್ ನೋಡುವ ಮುನ್ನ ರಿಪೇರಿ ಬೇಡ. ವಿಮೆಯವರ ಮೇಲೆ ದೂರು ಕೊಟ್ಟು 8 ವಾರ ಕಳೆದರೂ ಅಂತಿಮ ಉತ್ತರ ಬಾರದಿದ್ದರೆ ಸಣ್ಣ ವ್ಯಾಪಾರಸ್ಥರು ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಅಂತಿಮ ಉತ್ತರ ಬಂದಿದ್ದರೆ ಆ ದಿನದಿಂದ 6 ತಿಂಗಳೊಳಗೆ ಹೋಗಬೇಕು.