ಕಾನೂನು ಪದವಿ ಓದುವುದು ಹೇಗೆ? ಗೈಡ್ ಪಕ್ಕಕ್ಕಿಡಿ, ಬೇರ್ ಆಕ್ಟ್ ತೆರೆಯಿರಿ

ಎಲ್‌ಎಲ್‌ಬಿಗೆ ಸೇರಿದ ಹೊಸದರಲ್ಲಿ ಬಹಳ ಜನ ಸೀನಿಯರ್‌ಗಳನ್ನು ಕೇಳಿ ಒಂದು ಗೈಡ್ ಕೊಳ್ಳುತ್ತಾರೆ. ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಉರು ಹೊಡೆಯಲು ಕೂರುತ್ತಾರೆ. ಹೀಗೆ ಓದಿಯೂ ಪಾಸಾಗಬಹುದು. ಆದರೆ ಮುಂದೆ ಕಕ್ಷಿದಾರರೊಬ್ಬರು ಎದುರು ಕೂತು ‘ಸಾರ್, ನಮ್ಮ ಜಮೀನಿನ ವಿಷಯ ಹೀಗಾಗಿದೆ’ ಎಂದು ಶುರು ಮಾಡಿದಾಗ ಆ ಗೈಡ್ ಯಾವ ಸಹಾಯಕ್ಕೂ ಬರುವುದಿಲ್ಲ. ಆಗ ಬೇಕಾಗುವುದು ಕಾಯ್ದೆಯನ್ನು ನೇರವಾಗಿ ಓದಿ, ಎದುರಿಗಿರುವ ಸಂಗತಿಗೆ ಹೊಂದಿಸುವ ಅಭ್ಯಾಸ. ಅದು ಕೊನೆಯ ವರ್ಷ ಒಮ್ಮೆಲೇ ಬರುವಂಥದ್ದಲ್ಲ, ಮೊದಲ ಸೆಮಿಸ್ಟರ್‌ನಿಂದಲೇ ಶುರುವಾಗಬೇಕು.

ಸೇರುವ ಮುನ್ನ

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿಯಂಥ ಕೋರ್ಸ್‌ಗಳಿವೆ. ಯಾವುದಾದರೂ ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಹಿಂದಿನ ಪರೀಕ್ಷೆಯಲ್ಲಿ ಕನಿಷ್ಠ ಶೇ 45 ಅಂಕ ಬೇಕು. ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಇದ್ದರೆ ಸಾಕು. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನ ಐದು ವರ್ಷದ ಕೋರ್ಸ್‌ಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ರಾಜ್ಯದ ಉಳಿದ ಹೆಚ್ಚಿನ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು. ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಇರಲೇಬೇಕು ಎನ್ನುವುದು ನಿಯಮ. ‘ಕೆಲಸ ಮಾಡಿಕೊಂಡೇ ಇರಿ, ಪರೀಕ್ಷೆಗೆ ಬಂದರೆ ಸಾಕು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತರಗತಿಗೇ ಹೋಗದೆ ಕಾನೂನು ಕಲಿಯುವುದು ನಿಜಕ್ಕೂ ಕಷ್ಟ. ಹೋಗದೆ ಇದ್ದವರು ಏನು ಕಳೆದುಕೊಂಡರು ಅನ್ನುವುದು ಅವರಿಗೆ ಗೊತ್ತಾಗುವುದೂ ತಡವಾಗಿಯೇ.

ಮೊದಲು ಯಾವ ಪುಸ್ತಕ?

ವ್ಯಾಖ್ಯಾನ ಏನೂ ಇಲ್ಲದೆ, ಕಾಯ್ದೆಯ ಮೂಲಪಾಠ ಮಾತ್ರ ಇರುವ ಪುಸ್ತಕಕ್ಕೆ ಬೇರ್ ಆಕ್ಟ್ ಎನ್ನುತ್ತಾರೆ. ಸಂವಿಧಾನ, 1872ರ ಕರಾರು ಕಾಯ್ದೆ, 2023ರ ಭಾರತೀಯ ನ್ಯಾಯ ಸಂಹಿತೆ. ಈ ಮೂರನ್ನು ಮೊದಲು ಕೊಳ್ಳಿ. ದುಡ್ಡಿಗೆ ತೊಂದರೆ ಇದ್ದರೆ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆಗಳೆಲ್ಲ ಉಚಿತವಾಗಿ ಸಿಗುತ್ತವೆ.

ಹಳೇ ಪುಸ್ತಕ ಕೊಳ್ಳುವಾಗ ಮಾತ್ರ ಹುಷಾರು. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಐಪಿಸಿಯಲ್ಲಿ 511 ಸೆಕ್ಷನ್‌ಗಳಿದ್ದವು, ಹೊಸ ಸಂಹಿತೆಯಲ್ಲಿ 358 ಇವೆ. ಜನರ ಬಾಯಲ್ಲಿ ಕೂತುಬಿಟ್ಟಿರುವ ಕೊಲೆಯ 302 ಈಗ 103 ಆಗಿದೆ, ವಂಚನೆಯ 420 ಈಗ 318(4). ಹಾಗಂತ ಹಳೇ ನಂಬರ್‌ಗಳನ್ನು ಪೂರ್ತಿ ಮರೆಯುವ ಹಾಗಿಲ್ಲ. ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ. ನೀವು ಓದುವ ಹಳೆಯ ತೀರ್ಪುಗಳಲ್ಲೂ ಅದೇ ನಂಬರ್‌ಗಳಿರುತ್ತವೆ. ಆದ್ದರಿಂದ ಹೊಸ ಬೇರ್ ಆಕ್ಟ್‌ನ ಅಂಚಿನಲ್ಲಿ ಪ್ರತಿ ಸೆಕ್ಷನ್ ಪಕ್ಕ ಹಳೇ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಒಂದು ಸೆಕ್ಷನ್ ಓದುವುದು ಹೇಗೆ

ಇಡೀ ಓದಿನಲ್ಲಿ ಜಾಸ್ತಿ ಸಮಯ ಕೊಡಬೇಕಾದ ಕೆಲಸ ಇದು. ಆದ್ದರಿಂದ ಒಂದು ಸೆಕ್ಷನ್ ಹಿಡಿದು ನಿಧಾನವಾಗಿ ನೋಡೋಣ.

ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕಳವಿನದ್ದು. ಅದರ ಸಾರ ಇಷ್ಟು: ಬೇರೊಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು, ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಕದಲಿಸಿದರೆ ಅದು ಕಳವು. ಒಂದೇ ವಾಕ್ಯ. ಇದನ್ನು ಹಾಗೇ ಬಾಯಿಪಾಠ ಮಾಡಬೇಡಿ, ಬಿಡಿಸಿ ಬರೆಯಿರಿ. ಚರ ಸ್ವತ್ತು ಆಗಿರಬೇಕು. ಇನ್ನೊಬ್ಬರ ಸ್ವಾಧೀನದಲ್ಲಿರಬೇಕು. ಒಪ್ಪಿಗೆ ಇರಬಾರದು. ಉದ್ದೇಶ ಅಪ್ರಾಮಾಣಿಕ ಆಗಿರಬೇಕು. ವಸ್ತುವನ್ನು ಕದಲಿಸಿರಬೇಕು. ಐದು ಅಂಶ. ಇವುಗಳಲ್ಲಿ ಒಂದು ತಪ್ಪಿದರೂ ಅದು ಕಳವಲ್ಲ.

ಈಗ ಒಂದು ಪ್ರಸಂಗ. ರಾತ್ರಿ ಹೊತ್ತು ಒಬ್ಬ ಪಕ್ಕದವರ ತೋಟಕ್ಕೆ ನುಗ್ಗಿ, ಅಡಿಕೆ ಮರ ಹತ್ತಿ ಗೊನೆ ಕೊಯ್ದ. ಗೊನೆ ಕೆಳಗೆ ಬಿತ್ತು. ಅಷ್ಟರಲ್ಲಿ ನಾಯಿ ಬೊಗಳಿತು. ಆತ ಗೊನೆ ಬಿಟ್ಟು ಓಡಿಹೋದ. ಇದು ಕಳವೇ? ತರಗತಿಯಲ್ಲಿ ಕೇಳಿ ನೋಡಿ, ಅರ್ಧ ಜನ ‘ಅಲ್ಲ, ಬರೀ ಪ್ರಯತ್ನ’ ಎನ್ನುತ್ತಾರೆ. ಅವನ ಕೈಗೆ ಏನೂ ಸಿಕ್ಕಿಲ್ಲವಲ್ಲ ಎನ್ನುವುದು ಅವರ ವಾದ. ಸೆಕ್ಷನ್‌ನ ಕೆಳಗಿರುವ ವಿವರಣೆಗಳನ್ನು ಓದಿದವರು ಹಾಗೆ ಹೇಳುವುದಿಲ್ಲ. ಭೂಮಿಗೆ ಅಂಟಿಕೊಂಡಿರುವವರೆಗೆ ವಸ್ತು ಕಳವಿನ ವಸ್ತುವಲ್ಲ, ಬೇರ್ಪಟ್ಟ ಕೂಡಲೇ ಆಗುತ್ತದೆ ಎನ್ನುತ್ತದೆ ಮೊದಲ ವಿವರಣೆ. ಬೇರ್ಪಡಿಸುವ ಕೆಲಸವೇ ಕದಲಿಸುವ ಕೆಲಸವೂ ಆಗಬಹುದು ಎನ್ನುತ್ತದೆ ಎರಡನೆಯದು. ಅಂದಮೇಲೆ ಗೊನೆ ಮರದಿಂದ ಬೇರೆಯಾದ ಕ್ಷಣಕ್ಕೇ ಕಳವು ಪೂರ್ತಿಯಾಯಿತು. ಮನೆಗೆ ಒಯ್ದನೋ ಇಲ್ಲವೋ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಪ್ರಸಂಗವನ್ನು ಸ್ವಲ್ಪ ಬದಲಿಸಿ. ಬೇಲಿಯ ಗಡಿ ಸರಿಯಾಗಿ ಗೊತ್ತಿಲ್ಲದೆ, ಆ ಮರ ತನ್ನದೇ ಎಂದು ನಿಜವಾಗಿಯೂ ನಂಬಿ ಕೊಯ್ದಿದ್ದರೆ? ಉದ್ದೇಶ ಅಪ್ರಾಮಾಣಿಕ ಅಲ್ಲ. ಕಳವಲ್ಲ.

ಇನ್ನೂ ಒಂದು. ತನ್ನ ವಸ್ತುವನ್ನು ತಾನೇ ಕದಿಯಬಹುದೇ? ಕಾಯ್ದೆಯಲ್ಲೇ ಇದಕ್ಕೆ ಉದಾಹರಣೆ ಇದೆ. ರಿಪೇರಿಗೆ ಕೊಟ್ಟ ಗಡಿಯಾರ. ಕೂಲಿ ಕೊಡುವವರೆಗೆ ರಿಪೇರಿಯವರು ಅದನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದಾರೆ. ಅವರಿಗೆ ಸಾಲದ ಆ ಭದ್ರತೆ ತಪ್ಪಿಸಬೇಕೆಂದೇ ಮಾಲೀಕ ಎತ್ತಿಕೊಂಡು ಹೋದರೆ ಅದು ಕಳವು. ಸೆಕ್ಷನ್ ಹೇಳುವುದು ಸ್ವಾಧೀನದ ಬಗ್ಗೆ, ಮಾಲೀಕತ್ವದ ಬಗ್ಗೆ ಅಲ್ಲ. ಗೈಡ್‌ನ ನಾಲ್ಕು ಸಾಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

‘ಅಪ್ರಾಮಾಣಿಕವಾಗಿ’ ಎಂದರೇನು ಎಂಬ ಅನುಮಾನ ಬಂದರೆ ಊಹೆ ಮಾಡಬೇಡಿ. ಅದೇ ಸಂಹಿತೆಯ 2ನೇ ಸೆಕ್ಷನ್‌ಗೆ ಹೋಗಿ. ವ್ಯಾಖ್ಯೆಗಳೆಲ್ಲ ಅಲ್ಲಿವೆ. ದಿನಕ್ಕೆ ಎರಡೇ ಸೆಕ್ಷನ್ ಆದರೂ ಪರವಾಗಿಲ್ಲ, ಹೀಗೆ ಬಿಡಿಸಿ ಓದಿ. ಆಮೇಲೆ ಪಠ್ಯಪುಸ್ತಕ ತೆರೆಯಿರಿ. ಆಗ ಲೇಖಕರು ಏಕೆ ಅಷ್ಟು ಪುಟ ಬರೆದಿದ್ದಾರೆ ಎನ್ನುವುದೇ ತಿಳಿಯುತ್ತದೆ.

ತೀರ್ಪು ಓದುವಾಗ

ಕದ್ದದ್ದನ್ನು ವಾಪಸ್ ಕೊಡುವ ಮನಸ್ಸಿದ್ದರೆ? ಇದಕ್ಕೆ ಉತ್ತರ ಸೆಕ್ಷನ್‌ನಲ್ಲಿ ನೇರವಾಗಿ ಇಲ್ಲ, ತೀರ್ಪಿನಲ್ಲಿದೆ. ಜೋಧಪುರದಲ್ಲಿ ವಾಯುಪಡೆಯ ತರಬೇತಿಯಲ್ಲಿದ್ದ ಮೆಹ್ರಾ ಎಂಬ ಕೆಡೆಟ್ ಅನುಮತಿ ಇಲ್ಲದೆ ವಿಮಾನ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದಿದ್ದ. ತಾತ್ಕಾಲಿಕವಾಗಿ ತೆಗೆದುಕೊಂಡರೂ ಕಳವು ಆಗಬಹುದು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. ಕೆ.ಎನ್. ಮೆಹ್ರಾ ಪ್ರಕರಣ ಎಂದರೆ ಇದೇ.

ಪ್ರತಿ ತೀರ್ಪಿಗೂ ಒಂದೇ ಒಂದು ಹಾಳೆ ಮೀಸಲಿಡಿ. ನಡೆದದ್ದೇನು? ಕೋರ್ಟ್ ಮುಂದಿದ್ದ ಪ್ರಶ್ನೆ ಯಾವುದು? ಎರಡೂ ಕಡೆಯವರು ಏನು ವಾದಿಸಿದರು? ಕೋರ್ಟ್ ಏನು ಹೇಳಿತು? ಯಾವ ಕಾರಣಕ್ಕೆ ಹೇಳಿತು? ಕೊನೆಯದೇ ಮುಖ್ಯ. ಲೆಕ್ಚರರ್‌ಗಳು ರೇಶಿಯೊ ಎನ್ನುವುದು ಅದನ್ನೇ. ಮುಂದಿನ ಪ್ರಕರಣಗಳಿಗೆ ಅನ್ವಯವಾಗುವುದು ಆ ಕಾರಣ.

ಸಂವಿಧಾನದ ದೊಡ್ಡ ತೀರ್ಪುಗಳಿಗೆ ನಮ್ಮ ಕಡೆಯ ನಂಟು ಬಹಳ ಇದೆ, ಅಲ್ಲಿಂದಲೇ ಶುರು ಮಾಡಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು ಕೂತು, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಬದಲಿಸುವಂತಿಲ್ಲ ಎಂದರು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂಬ ತೀರ್ಪು 1994ರಲ್ಲಿ ಬಂತು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸುಪ್ರೀಂ ಕೋರ್ಟ್‌ನ ಇ-ಎಸ್‌ಸಿಆರ್ ಪೋರ್ಟಲ್‌ನಲ್ಲಿ ತೀರ್ಪುಗಳು ಉಚಿತ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಕೇಶವಾನಂದ ಭಾರತಿ ತೀರ್ಪು ನೂರಾರು ಪುಟ. ಮೊದಲ ವರ್ಷದಲ್ಲೇ ಪೂರ್ತಿ ಓದಲು ಹೋಗಿ ಸೋಲಬೇಡಿ. ತೀರ್ಪಿನ ಆರಂಭದಲ್ಲಿರುವ ಸಾರಾಂಶ, ಅಂದರೆ ಹೆಡ್‌ನೋಟ್ ಓದಿ, ಆಮೇಲೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ತೀರ್ಪಿನ ಭಾಗ ಓದಿ.

ಕನ್ನಡ ಮಾಧ್ಯಮದಿಂದ ಬಂದಿದ್ದರೆ

ಇಂಗ್ಲಿಷ್ ಭಯಕ್ಕೆ ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್‌ನಲ್ಲೇ ಕೈಚೆಲ್ಲುತ್ತಾರೆ. ಇದು ತುಂಬಾ ನೋವಿನ ಸಂಗತಿ, ಯಾಕೆಂದರೆ ಹಾಗೆ ಬಿಡುವ ಅಗತ್ಯವೇ ಇಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಂದೇ ಷರತ್ತು, ಉತ್ತರಗಳೆಲ್ಲ ಪೂರ್ತಿ ಕನ್ನಡದಲ್ಲಿ ಇರಬೇಕು, ಇಲ್ಲ ಪೂರ್ತಿ ಇಂಗ್ಲಿಷಿನಲ್ಲಿ. ತಾಲ್ಲೂಕು, ಜಿಲ್ಲಾ ಕೋರ್ಟ್‌ಗಳಲ್ಲಿ ಸಾಕ್ಷಿ ಮಾತಾಡುವುದು, ಪಾಟೀಸವಾಲು ನಡೆಯುವುದು ಹೆಚ್ಚಾಗಿ ಕನ್ನಡದಲ್ಲೇ. ಅಲ್ಲಿ ಚೆನ್ನಾಗಿ ಕನ್ನಡ ಬಲ್ಲ ವಕೀಲರಿಗೆ ಒಂದು ಕೈ ಮೇಲೆ. ಆದರೆ ಹೈಕೋರ್ಟ್ ಕಲಾಪ, ತೀರ್ಪುಗಳ ಮೂಲ ಇಂಗ್ಲಿಷಿನಲ್ಲಿ ಇರುತ್ತವೆ. ಹಾಗಾಗಿ ಬರೆಯುವುದು ಕನ್ನಡದಲ್ಲಾದರೂ ಓದುವುದನ್ನು ಎರಡೂ ಭಾಷೆಯಲ್ಲಿ ರೂಢಿ ಮಾಡಿಕೊಳ್ಳಿ. ಬೇರ್ ಆಕ್ಟ್‌ನ ಇಂಗ್ಲಿಷ್ ವಾಕ್ಯ ಉದ್ದವಾಗಿರುತ್ತದೆ, ಆದರೆ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಒಂದು ವರ್ಷ ಬಿಡದೆ ಓದಿದರೆ ಅವು ಪರಿಚಿತವಾಗಿಬಿಡುತ್ತವೆ.

ಉತ್ತರ ಬರೆಯುವುದು

ಪ್ರಬಂಧದ ಪ್ರಶ್ನೆಗೆ ಸೆಕ್ಷನ್, ಅದರ ಅಂಶಗಳು, ಒಂದೆರಡು ತೀರ್ಪು, ವಿನಾಯಿತಿಗಳು. ಇಷ್ಟು ಕ್ರಮವಾಗಿ ಬಂದರೆ ಸಾಕು, ಸುಮ್ನೆ ಪುಟ ತುಂಬಿಸುವುದು ಬೇಡ. ಸಮಸ್ಯೆಯ ರೂಪದ ಪ್ರಶ್ನೆಗಳಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕಾನೂನನ್ನೆಲ್ಲ ಬರೆದು, ಪ್ರಶ್ನೆಯಲ್ಲಿರುವ ಸಂಗತಿಗಳನ್ನು ಮುಟ್ಟುವುದೇ ಇಲ್ಲ. ಅಡಿಕೆ ಗೊನೆಯ ಪ್ರಶ್ನೆ ಬಂದರೆ ‘ಗೊನೆ ಬೇರ್ಪಟ್ಟಿದೆ, ಆದ್ದರಿಂದ ಚರ ಸ್ವತ್ತು. ತೋಟ ಇನ್ನೊಬ್ಬರ ಸ್ವಾಧೀನದಲ್ಲಿದೆ’ ಎಂದು ಒಂದೊಂದೇ ಅಂಶವನ್ನು ಸಂಗತಿಗೆ ಹೊಂದಿಸುತ್ತಾ ಹೋಗಿ. ತೀರ್ಪಿನ ಹೆಸರು ನೆನಪಿಲ್ಲದಿದ್ದರೆ ತತ್ವವನ್ನು ಬರೆಯಿರಿ. ಇಲ್ಲದ ಹೆಸರನ್ನು ಮಾತ್ರ ಸೃಷ್ಟಿಸಬೇಡಿ.

ಕೋರ್ಟಿಗೆ ಹೋಗಿ ಕೂರಿ

ಸಾಮಾನ್ಯವಾಗಿ ನಮ್ಮ ಕೋರ್ಟ್‌ಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಹತ್ತಿರದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಬೆಳಗ್ಗೆ ಪ್ರಕರಣ ಕೂಗುವುದು, ವಕಾಲತ್ತು ಹಾಕುವುದು, ವಾಯಿದೆ ಕೇಳುವುದು, ಬೆಂಚ್ ಕ್ಲರ್ಕ್ ಮುಂದಿನ ದಿನಾಂಕ ಹೇಳುವುದು. ಸಿವಿಲ್ ಪ್ರಕ್ರಿಯಾ ಸಂಹಿತೆ ಓದುವಾಗ ಒಣ ಅನ್ನಿಸುವ ನಿಯಮಗಳೆಲ್ಲ ಅಲ್ಲಿ ನಡೆದಾಡುತ್ತಿರುತ್ತವೆ. ಕರ್ನಾಟಕ ಹೈಕೋರ್ಟ್‌ನ ಕಲಾಪ ಯೂಟ್ಯೂಬ್‌ನಲ್ಲೂ ನೇರಪ್ರಸಾರ ಆಗುತ್ತದೆ.

ಇಂಟರ್ನ್‌ಶಿಪ್ ಹೇಗಿದ್ದರೂ ಕಡ್ಡಾಯ. ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಸಹಿ ಹಾಕಿಸಿಕೊಂಡು ಬರುವ ಕಡೆ ಹೋಗಬೇಡಿ. ದಿನಾ ವಿಚಾರಣಾ ಕೋರ್ಟ್‌ಗೆ ಹೋಗುವ ವಕೀಲರ ಆಫೀಸು ಹುಡುಕಿ. ಅಲ್ಲಿ ಕೇಸ್ ಫೈಲ್ ಕಟ್ಟುವುದು, ತಾರೀಖು ಪಟ್ಟಿ ಮಾಡುವುದು ಸಣ್ಣ ಕೆಲಸ ಅನ್ನಿಸಬಹುದು. ಒಂದು ಸಿವಿಲ್ ಫೈಲನ್ನು ವಾದಪತ್ರದಿಂದ ತೀರ್ಪಿನವರೆಗೆ ಓದಿ ನೋಡಿ, ಅದರ ಬೆಲೆ ಗೊತ್ತಾಗುತ್ತದೆ. ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆಗೂ ಒಮ್ಮೆ ಹೋಗಿ. ನಿಂತು ಮಾತಾಡುವ ಅಂಜಿಕೆ ಅಲ್ಲಿ ಕಳೆಯುತ್ತದೆ.

ಪದವಿ ಮುಗಿದ ಮೇಲೆ

ಮೊದಲು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 1961ರ ವಕೀಲರ ಕಾಯ್ದೆಯಲ್ಲಿ ಹೇಳಿರುವ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಅದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, ಎಐಬಿಇ. ನೂರು ಪ್ರಶ್ನೆಗಳು, ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಓದುವಾಗ ಬರೆದು ತುಂಬಿಸಿದ ಪ್ರತಿ ಅಲ್ಲಿ ನಡೆಯುವುದಿಲ್ಲ, ಅದಕ್ಕೇ ಖಾಲಿ ಪ್ರತಿಗಳನ್ನು ಬೇರೆ ಇಟ್ಟುಕೊಳ್ಳಿ.

ಸಿವಿಲ್ ನ್ಯಾಯಾಧೀಶರಾಗುವ ಆಸೆ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಆ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಈ ಅವಧಿಯನ್ನು ಎಐಬಿಇಗೆ ಮೊದಲು ಸಿಗುವ ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಬಹುದು ಎಂದೂ ಹೇಳಿದೆ. ಆದ್ದರಿಂದ ಪದವಿಯ ಫಲಿತಾಂಶ ಬಂದ ಮೇಲೆ ‘ಮುಂದಿನ ತಿಂಗಳು ನೋಡೋಣ’ ಎಂದು ಕೂರದೆ ನೋಂದಣಿಗೆ ಅರ್ಜಿ ಹಾಕಿ.