ಬಾತ್‌ರೂಮ್ ಚಾವಣಿ ಉದುರ್ತಿದ್ರೆ ಮೊದಲು ಪೇಂಟರ್‌ನ ಕರೀಬೇಡಿ

ದಾವಣಗೆರೆಯಲ್ಲಿ, ಅದರಲ್ಲೂ ನಿಟುವಳ್ಳಿ, ವಿದ್ಯಾನಗರ ಕಡೆ ಮಹಡಿ ಮನೆಗಳಲ್ಲಿ ಇರೋರು ದಯವಿಟ್ಟು ಗಮನಿಸಿ. ಚಾವಣಿ ಪ್ಲಾಸ್ಟರ್ ಏಳ್ತಿದ್ರೆ ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ಹಿಡೀಬೇಕು.

ಚಾವಣಿ ತುಂಬ ಸಣ್ಣ ಕಪ್ಪು ಚುಕ್ಕೆ ಇದ್ರೆ ಅದು ಬೂಷ್ಟು, ಹಬೆ ಹೊರಗೆ ಹೋಗ್ತಿಲ್ಲ ಅಂತ ಅರ್ಥ. ಎಕ್ಸಾಸ್ಟ್ ಫ್ಯಾನ್ ಹಾಕ್ಸಿ, ಸ್ನಾನ ಆದ್ಮೇಲೂ ಸ್ವಲ್ಪ ಹೊತ್ತು ಓಡ್ಲಿ.

ಒಂದೇ ಕಡೆ ಹಳದಿ ಕಲೆ, ಅಂಚಿನಲ್ಲಿ ಬಿಳಿ ಉಪ್ಪು ಕಂಡ್ರೆ ಮೇಲಿನ ಸೋರಿಕೆ. ಮೇಲ್ಮನೆಯವರ ಹತ್ರ ಜಗಳಕ್ಕೆ ಹೋಗ್ಬೇಡಿ, ಕೇಳ್ಕೊಂಡು ಒಪ್ಪಿಸಿ. ಅವರ ಬಾತ್‌ರೂಮಿನ ಟ್ರ್ಯಾಪ್ (ನೆಲದಲ್ಲಿ ನೀರು ಹೊರಗೆ ಹೋಗೋ ಜಾಲಿ ತೂತು) ಬಾಯಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಸಿ 24 ಗಂಟೆ ಬಿಡಿ. ಕೆಳಗೆ ತೇವ ಹೆಚ್ಚಾದ್ರೆ ಟೈಲ್ಸ್ ಸಂದಿ ಅಥವಾ ಟ್ರ್ಯಾಪ್ ಸುತ್ತ ಬಿಟ್ಟಿದೆ. ಹೆಚ್ಚಾಗದಿದ್ರೆ ಪ್ಲಂಬರ್ ಹತ್ರ ಪೈಪ್ ನೋಡಿಸಿ.

ಸೋರಿಕೆ ನಿಂತು ಚಾವಣಿ ಒಣಗಿದ ಮೇಲೇ ರಿಪೇರಿ. ಕಾಂಕ್ರೀಟ್ ಒಳಗಿನ ಕಬ್ಬಿಣದ ಕಂಬಿ ಕಂಡ್ರೆ ಮಾತ್ರ ಉದಾಸೀನ ಬೇಡ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತೆ. ಸಡಿಲ ಇರೋದನ್ನೆಲ್ಲ ಕೆತ್ತಿ, ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ತುಕ್ಕು ತಡೆಯೋ ಲೇಪ ಹಚ್ಚಿ, ಆಮೇಲೆ ಪಾಲಿಮರ್ ಮಾರ್ಟರ್ (ಗಟ್ಟಿಯಾಗಿ ಅಂಟೋಕೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ. ಬರೀ ಸಿಮೆಂಟ್ ಮೆತ್ತಿದ್ರೆ ಮತ್ತೆ ಉದುರುತ್ತೆ. ಕಂಬಿ ಸವೆದು ಸಣ್ಣಗಾಗಿದ್ರೆ ಇಂಜಿನಿಯರ್‌ಗೆ ತೋರಿಸದೆ ಯಾರೂ ಕೈ ಹಾಕ್ಬೇಡಿ.